ರೇವತಿ ಮಳೆಯ ಲೆಕ್ಕ ಯಾರ ಹತ್ತಿರ ಇದೆ?

ನಿಮ್ಮ ಟೀಮಿನಲ್ಲಿ ಚಿಕ್ಕಮಗಳೂರು, ಸಕಲೇಶಪುರ ಕಡೆಯವರು ಯಾರಾದರೂ ಇದ್ದರೆ ಮಾರ್ಚ್ ತಿಂಗಳಲ್ಲಿ ಒಮ್ಮೆ ಗಮನಿಸಿ ನೋಡಿ. ಊರಿಗೆ ಫೋನ್ ಮಾಡಿದ ಕೂಡಲೇ ಕೇಳುವ ಮೊದಲ ಮಾತು "ಎಷ್ಟು ಬಿತ್ತು?" ಅಂತ. ಆ ಕಡೆಯಿಂದ ಬರುವ ಉತ್ತರ ಮಿಲಿಮೀಟರಿನಲ್ಲಿ ಇರೋದಿಲ್ಲ. "ಎಪ್ಪತ್ತು ಸೆಂಟ್ಸ್" ಅಂತಲೋ, "ಒಂದು ಇಂಚು ಇಪ್ಪತ್ತು" ಅಂತಲೋ ಇರುತ್ತದೆ. ಒಂದು ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಬ್ರಿಟಿಷ್ ಪ್ಲಾಂಟರುಗಳು ಬಿಟ್ಟುಹೋದ ಈ ಅಳತೆ ನಮ್ಮ ಘಟ್ಟದ ಮೇಲೆ ಇನ್ನೂ ಚಾಲ್ತಿಯಲ್ಲಿದೆ.

ಈ ಮಳೆಗೆ ಇಷ್ಟೊಂದು ಚಡಪಡಿಕೆ ಯಾಕೆ ಅಂದರೆ, ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣಗಾಳಿಯಲ್ಲಿ ನಿದ್ದೆ ಹೋಗಿರುತ್ತದೆ. ಅದನ್ನು ಎಬ್ಬಿಸಲು ಒಂದು ಒಳ್ಳೆಯ ಮಳೆ ಬೇಕು, ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ಇಂಚು. ರೊಬಸ್ಟಾಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ. ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಅರ್ಧ ಇಂಚು ಬಿದ್ದು ನಿಂತರೆ ಮೊಗ್ಗು ಅರೆಬರೆ ಅರಳಿ ಹಾಳು. ಹೂವಾದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗಿ ಅದೂ ಹಾಳು. ಎಲ್ಲ ಸರಿಯಾದರೂ ಎರಡು–ಮೂರು ವಾರದೊಳಗೆ ಇನ್ನೊಂದು ಮಳೆ ಬರಬೇಕು, ಅದಕ್ಕೆ 'ಬ್ಯಾಕಿಂಗ್' ಅಂತಾರೆ. ಸ್ಪ್ರಿಂಕ್ಲರ್ ಇದ್ದವರಿಗೆ ಒಂದಿಷ್ಟು ಧೈರ್ಯ. ಇಲ್ಲದವರ ಇಡೀ ವರ್ಷದ ಬದುಕು ಎರಡು ಸಂಜೆಗಳ ಮೇಲೆ ನಿಂತಿರುತ್ತದೆ.

ಇದೆಲ್ಲ ಘಟ್ಟದ ಮೇಲಿನ ವಿಷಯ, ಉಡುಪಿಯ ಹೂಡೆಯವರಿಗೇನು ಅಂತ ಕೇಳಬೇಡಿ. ಹೂಡೆ ಸಮುದ್ರದ ಅಂಚಿನ ಊರೇ ಆದರೂ ಅದರ ನೀರಿನ ಬೇರು ಘಟ್ಟದಲ್ಲಿದೆ. ಆಗುಂಬೆ ಕಡೆಯಿಂದ ಇಳಿದುಬರುವ ಸೀತಾ, ಕಾರ್ಕಳದ ಬೆಟ್ಟಗಳ ಸ್ವರ್ಣಾ ಎರಡೂ ಹೂಡೆಯ ಪಕ್ಕದಲ್ಲೇ, ಕೋಡಿಬೆಂಗ್ರೆ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ಹೊಳೆಯ ಹರಿವು ಸೊರಗಿದಷ್ಟೂ ಉಬ್ಬರದ ಉಪ್ಪುನೀರು ಒಳಗೆ ಏರುತ್ತದೆ. ಉಡುಪಿ–ಮಣಿಪಾಲದ ನಲ್ಲಿಗೆ ಬರೋದೂ ಇದೇ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು. 2019ರ ಮೇ ತಿಂಗಳು ನೆನಪಿದೆಯಲ್ಲ? ಬಜೆಯಲ್ಲಿ ನೀರು ತಳ ಕಂಡಿತು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಆ ವರ್ಷ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ.

ಇನ್ನೊಂದು ವಿಷಯ ಕರಾವಳಿಯ ಹಿರಿಯರಿಗೆಲ್ಲ ಗೊತ್ತು. ಜೂನ್ ಮಳೆ ಪಡ್ಡಾಯಿಯಿಂದ, ಅಂದರೆ ಕಡಲ ಕಡೆಯಿಂದ ಬರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬರೋದು ಮೂಡಾಯಿಯಿಂದ. ಹಗಲು ಕಡಲ ಗಾಳಿ ತೇವವನ್ನು ಹೊತ್ತು ಘಟ್ಟ ಹತ್ತುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದು ಮೋಡವಾಗಿ ಗೋಪುರದ ಹಾಗೆ ಬೆಳೆಯುತ್ತದೆ, ಸಂಜೆಗೆ ಮೇಲಿನ ಗಾಳಿ ಅದನ್ನು ನಮ್ಮ ತಲೆ ಮೇಲೆ ತಂದು ಬಿಡುತ್ತದೆ. ಚಿಕ್ಕಮಗಳೂರಿನ ಹೂವಿಗೂ ಬಜೆಯ ನೀರಿಗೂ ಹಾಗಾಗಿ ಒಂದೇ ಕಾರ್ಖಾನೆ.

ಸರಿ, ಈ ಬೆಟ್ಟದಲ್ಲಿ ಈ ಸಲದ ಮಾರ್ಚ್–ಏಪ್ರಿಲ್ ಹೇಗಿರುತ್ತದೆ ಅಂತ ಮೊದಲೇ ಹೇಳುವವರು ಯಾರು? ಇದನ್ನು ಹುಡುಕುತ್ತಾ ಹೋದರೆ ಸಿಗೋದು ಒಂದು ವಿಚಿತ್ರ ಇತಿಹಾಸ. ಭಾರತದ ಮೊದಲ ಋತು ಮುನ್ಸೂಚನೆ ಹುಟ್ಟಿದ್ದೇ ಬೆಟ್ಟದ ವಸಂತವನ್ನು ನೋಡಿ. ಆದರೆ ಆ ಬೆಟ್ಟ ನಮ್ಮದಲ್ಲ.

ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಇಲಾಖೆ ಕಣ್ಣು ಬಿಡುವಷ್ಟರಲ್ಲಿ 1876–78ರ ಮಹಾಕ್ಷಾಮ ಬಂತು. ನಮ್ಮ ಮೈಸೂರು ಸಂಸ್ಥಾನದ ಜನಗಣತಿ ನೋಡಿ: 1871ರಲ್ಲಿ 50.55 ಲಕ್ಷ ಜನ, 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟ ಮೇಲೆ, ಬ್ಲಾನ್‌ಫೋರ್ಡ್ ಮೇಲೆ ಎಂಥ ಒತ್ತಡ ಇತ್ತು ಅನ್ನೋದಕ್ಕೆ ಬೇರೆ ವಿವರಣೆ ಬೇಡ. ಮುಂದಿನ ಮುಂಗಾರು ಕೈಕೊಡುತ್ತದೋ ಇಲ್ಲವೋ, ಸರ್ಕಾರಕ್ಕೆ ಮೊದಲೇ ಗೊತ್ತಾಗಬೇಕು. ಅಷ್ಟೇ ಪ್ರಶ್ನೆ.

ಬ್ಲಾನ್‌ಫೋರ್ಡ್ ಉತ್ತರ ಹುಡುಕಿದ್ದು ಹಿಮಾಲಯದಲ್ಲಿ. ಚಳಿಗಾಲದ ಕೊನೆಗೆ, ವಸಂತದಲ್ಲಿ ಪಶ್ಚಿಮ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಒಣಗಾಳಿ ಬಯಲಿಗೆ ಇಳಿದು ಮಳೆಯನ್ನು ತಡೆಯುತ್ತದೆ ಅನ್ನೋದು ಅವರ ತರ್ಕ. 1882ರಿಂದ ಪ್ರಯೋಗಾರ್ಥವಾಗಿ ಮುನ್ಸೂಚನೆ ಕೊಟ್ಟರು, 1884ರಲ್ಲಿ ಪ್ರಬಂಧ ಪ್ರಕಟಿಸಿದರು. 1885ರಲ್ಲಿ ತಡವಾಗಿ ಬಿದ್ದ ಹಿಮ ನೋಡಿ ಹೇಳಿದ ಮಾತು ನಿಜವಾಯಿತು. 1886ರ ಜೂನ್ 4ಕ್ಕೆ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಬಂತು. ಒಂದೇ ಇನ್‌ಪುಟ್ ಇಟ್ಟುಕೊಂಡು ಅರ್ಧ ಖಂಡದ ಮಳೆ ಹೇಳೋದು! ಇವತ್ತು ನಾವು ಕೋಡ್ ರಿವ್ಯೂನಲ್ಲಿ ಇದನ್ನು ಪಾಸ್ ಮಾಡ್ತಿರಲಿಲ್ಲ. ಆದರೆ ಆ ಕಾಲಕ್ಕೆ ಅದು ದೊಡ್ಡ ಧೈರ್ಯವೇ.

ಆಮೇಲೆ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ಇನ್ನೂ ಹಲವು ಅಂಶ ಸೇರಿಸಿದರು. 1899ರಲ್ಲಿ ಒಳ್ಳೆಯ ಮಳೆ ಅಂದರು. ಬಂದದ್ದು ಭೀಕರ ಬರ. ಪತ್ರಿಕೆಗಳು ಝಾಡಿಸಿದವು, ಕೆಲವು ವರ್ಷ ಮುನ್ಸೂಚನೆಯನ್ನೇ ಗೌಪ್ಯವಾಗಿ ಇಡಲಾಯಿತು. 1904ರಲ್ಲಿ ಬಂದವರು ಗಿಲ್ಬರ್ಟ್ ವಾಕರ್, ಕೇಂಬ್ರಿಜ್‌ನ ಗಣಿತಜ್ಞ. (1913ರಲ್ಲಿ ಮದ್ರಾಸಿನಲ್ಲಿ ರಾಮಾನುಜನ್ ಅವರ ಲೆಕ್ಕ ನೋಡಿ, ಈ ಹುಡುಗನಿಗೆ ವಿಶ್ವವಿದ್ಯಾಲಯ ನೆರವಾಗಬೇಕು ಅಂತ ಪತ್ರ ಬರೆದವರು ಇದೇ ವಾಕರ್.) ಕಾರಣ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಜಗತ್ತಿನ ಎಲ್ಲ ಕಡೆಯ ಅಂಕಿ ತಂದು ಯಾವುದು ಯಾವುದಕ್ಕೆ ತಾಳೆಯಾಗುತ್ತದೆ ನೋಡೋಣ ಅಂತ ಹೊರಟರು. ಕಂಪ್ಯೂಟರ್ ಇಲ್ಲ. ಗುಮಾಸ್ತರು ಕೈಯಲ್ಲೇ ಲೆಕ್ಕ ಹಾಕಿದರು. ದಕ್ಷಿಣ ಅಮೆರಿಕದ ವಾಯುಭಾರಕ್ಕೂ ನಮ್ಮ ಮುಂಗಾರಿಗೂ ನಂಟು ಸಿಕ್ಕಿತು. ಈಗ ಪ್ರತಿ ವರ್ಷ ಎಲ್ ನಿನೊ ಅಂತ ಕೇಳ್ತೀವಲ್ಲ, ಅದನ್ನು ಅರ್ಥಮಾಡಿಕೊಳ್ಳುವ ದಾರಿ ಅಲ್ಲಿಂದ ತೆರೆಯಿತು.

ನನ್ನ ತಕರಾರು ಇಲ್ಲೇ ಇದೆ. ಬ್ಲಾನ್‌ಫೋರ್ಡ್ ಇರಲಿ, ವಾಕರ್ ಇರಲಿ, ಪ್ರಶ್ನೆ ಬದಲಾಗಲಿಲ್ಲ: ಜೂನ್‌ನಿಂದ ಸೆಪ್ಟೆಂಬರ್ ಏನಾಗುತ್ತದೆ? ವಸಂತ ಬರೀ ಸುಳಿವು, ಅದೇ ಒಂದು ಪ್ರಶ್ನೆ ಅಲ್ಲ. 1922ರ ಸುಮಾರಿಗೆ ವಾಕರ್ ದೇಶವನ್ನು ಭಾಗ ಮಾಡಿದಾಗಲೂ ನಾವೆಲ್ಲ 'ಪರ್ಯಾಯ ದ್ವೀಪ' ಅನ್ನೋ ಒಂದೇ ಚೀಲದಲ್ಲಿ. ಕ್ಷಾಮ ಬೀಳುವುದು ಬಯಲಿನಲ್ಲಿ, ಕಂದಾಯ ಬರುವುದೂ ಅಲ್ಲಿಂದಲೇ. ಮಳೆ ಸುರಿದೇ ಸುರಿಯುವ ಬೆಟ್ಟದ ಬಗ್ಗೆ ತಲೆಕೆಡಿಸಿಕೊಳ್ಳುವ ಜರೂರತ್ತು ಸರ್ಕಾರಕ್ಕೆ ಇರಲಿಲ್ಲ.

ಹೀಗಿದ್ದರೂ ಬೆಟ್ಟದವರು ತಮ್ಮ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ಪಂಚಾಂಗದ ಮಳೆ ನಕ್ಷತ್ರಗಳು ಜೂನ್‌ಗೆ ಶುರುವಾಗುವುದಿಲ್ಲ ನೋಡಿ. ಮಾರ್ಚ್ ಕೊನೆಗೆ ರೇವತಿ, ಬಿಸು ಹಬ್ಬದ ಹೊತ್ತಿಗೆ ಅಶ್ವಿನಿ, ಏಪ್ರಿಲ್ ಕೊನೆಗೆ ಭರಣಿ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆ ನಿಮಗೂ ಗೊತ್ತಿರಬಹುದು. ಇನ್ನೂ ಹಿಂದೆ, ಆರನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಮೋಡಕ್ಕೆ ಗರ್ಭ ಕಟ್ಟುವ ಲೆಕ್ಕವಿದೆ. ಗರ್ಭದ ಲಕ್ಷಣ ಕಂಡ 195 ದಿನಕ್ಕೆ ಮಳೆ ಹೆರಿಗೆಯಾಗುತ್ತದಂತೆ. ಚಳಿಗಾಲ–ವಸಂತದ ಆಕಾಶ ನೋಡಿ ಮುಂದಿನ ಮಳೆ ಹೇಳುವ ಆಸೆ ಬ್ಲಾನ್‌ಫೋರ್ಡ್‌ಗಿಂತ ಎಷ್ಟು ಹಳೆಯದು!

"ಹಾಗಾದರೆ ಪಂಚಾಂಗವೇ ಸಾಕು" ಅನ್ನುವ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳ ಜೊತೆ ನಾನಿಲ್ಲ. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನದಷ್ಟು ಅದು ಋತುವಿನಿಂದ ಜಾರುತ್ತದೆ. ವರಾಹಮಿಹಿರನಿಂದ ಇಲ್ಲಿಯವರೆಗೆ ಇಪ್ಪತ್ತು ದಿನ ಜಾರಿದೆ ಅಂದರೆ, ಅಂದಿನ ರೇವತಿ ಇಂದಿನ ರೇವತಿ ಅಲ್ಲ. ರೇವತಿ ಅನ್ನೋದು ಭವಿಷ್ಯವಾಣಿ ಅಲ್ಲ, ವಸಂತದ ಮಳೆಗೆ ಜನ ಇಟ್ಟ ಹೆಸರು, ಅದರ ಮೇಲೆ ಕಣ್ಣಿಟ್ಟಿದ್ದರು ಅನ್ನುವುದಕ್ಕೆ ಪುರಾವೆ. ಹೆಸರೇ ಇಲ್ಲದ ಮಳೆಯ ದಾಖಲೆ ಯಾರೂ ಇಡೋದಿಲ್ಲ.

ಹೆಸರಿನ ಮಾತು ಬಂದಾಗ ಇವತ್ತಿನ ನಕ್ಷೆಯನ್ನೂ ನೋಡಿಬಿಡಿ. ಹವಾಮಾನ ಇಲಾಖೆಯ ಪ್ರಕಾರ ಕರ್ನಾಟಕದಲ್ಲಿ ಮೂರು ಉಪವಿಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆ ಯಾವುದರಲ್ಲಿದೆ? ದಕ್ಷಿಣ ಒಳನಾಡಿನಲ್ಲಿ, ಕೋಲಾರದ ಜೊತೆ! ಫೆಬ್ರವರಿ ಕೊನೆಗೆ ಇಲಾಖೆ ಬೇಸಿಗೆಯ ಔಟ್‌ಲುಕ್ ಕೊಡುತ್ತದೆ ನಿಜ. ಅದರಲ್ಲಿ ಮುಖ್ಯ ವಿಷಯ ತಾಪಮಾನ, ಬಿಸಿಗಾಳಿ. ದೇಶದ ಬಹುಪಾಲು ಜನರಿಗೆ ಬೇಕಾದದ್ದೂ ಅದೇ. ಮಲೆನಾಡನ್ನು ಬೇರೆಯೇ ಪ್ರದೇಶವಾಗಿ ಎಣಿಸುವುದು ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಇದು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಒಳ್ಳೆಯ ಕೆಲಸ. ಆದರೆ ಆ ಡೇಟಾದ ವಯಸ್ಸು ಇನ್ನೂ ಚಿಕ್ಕದು.

ಮಾರ್ಚ್‌ನ ಗುಡುಗು ಮಳೆ ಕೆಲವೇ ಕಿಲೋಮೀಟರ್ ಅಗಲದ್ದು. ಈ ಗುಡ್ಡಕ್ಕೆ ಒಂದು ಇಂಚು, ಆಚೆ ಗುಡ್ಡಕ್ಕೆ ಸೊನ್ನೆ. ಯಾವ ಮಾಡೆಲ್ಲೂ ಅದನ್ನು ತಿಂಗಳ ಮೊದಲೇ ಹೇಳಲಾರದು. ಹೇಳಬಹುದಾದದ್ದು ಸಾಧ್ಯತೆ ಮಾತ್ರ, ಅದಕ್ಕೂ ಬೇಕಾದದ್ದು ಉದ್ದದ ದಾಖಲೆ. ಆ ದಾಖಲೆ ಇರೋದು ಸರ್ವರ್‌ಗಳಲ್ಲಿ ಅಲ್ಲ, ಕಾಫಿ ತೋಟದ ಮನೆಗಳಲ್ಲಿ. ಎಷ್ಟೋ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯುವ ರೂಢಿ ತಲೆಮಾರುಗಳಿಂದ ಬಂದಿದೆ. ಆ ತೋಟಗಳಿಗೆ ಕೆಲಸಕ್ಕೆ ಹೋದವರಲ್ಲಿ ನಮ್ಮ ತುಳುನಾಡಿನವರೇ ಬಹಳ, "ಘಟ್ಟಕ್ಕೆ ಹೋದ" ಅಜ್ಜಂದಿರು ಉಡುಪಿ ಕಡೆಯ ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ. ಈಗ ತೋಟ ಪಾಲಾಗುತ್ತದೆ, ಮಾರಾಟವಾಗುತ್ತದೆ, ಹೋಂಸ್ಟೇ ಆಗುತ್ತದೆ. ಹಳೇ ಮಳೆ ಪುಸ್ತಕ ಗುಜರಿಗೆ.

ವೀಕೆಂಡಿಗೆ ಅಂಥ ಹೋಂಸ್ಟೇಗೆ ಹೋದಾಗ ಮಾಲೀಕರ ಹತ್ತಿರ ಒಮ್ಮೆ ಕೇಳಿ. ಪುಸ್ತಕ ಇದ್ದರೆ ಫೋಟೋ ತೆಗೆಯಲು ಅನುಮತಿ ಪಡೆಯಿರಿ, ತೋಟದ ಹೆಸರು, ಊರು ಬರೆದಿಡಿ. ಇಂಚನ್ನು 25.4ರಿಂದ ಗುಣಿಸುವುದು ಎರಡು ನಿಮಿಷದ ಸ್ಕ್ರಿಪ್ಟ್. ಸಮಯ ಕಡಿಮೆ ಇದ್ದರೆ ಜುಲೈ ಪುಟಗಳನ್ನು ಬಿಡಿ, ಅದರ ಲೆಕ್ಕ ಬೇರೆಯವರ ಹತ್ತಿರ ಇದೆ. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೊದಲು ತೆಗೆಯಿರಿ.