ಹರಾಜಿಗೆ ಬಿದ್ದ ಸಾರಾಯಿ

1981ರ ಜುಲೈನಲ್ಲಿ ಬೆಂಗಳೂರಿನ ಬಡವರ ಕೇರಿಗಳಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದದ್ದು ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್. ಕುಡಿಯುವವನ ನಾಲಿಗೆಗೆ ಅದರ ಗುರುತು ಸಿಗುವುದಿಲ್ಲ. ಮೊದಲು ಏರುವುದು ಮಾಮೂಲಿ ಅಮಲೇ. ಗಂಟೆಗಟ್ಟಲೆ ಕಳೆದು, ಪಿತ್ತಜನಕಾಂಗ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸಿದ ಮೇಲೆ ಹೊಟ್ಟೆ ಹಿಂಡುತ್ತದೆ, ಉಸಿರು ವೇಗವಾಗುತ್ತದೆ, ಕಣ್ಣಿನ ನರ ಕೆಟ್ಟು ದೃಷ್ಟಿ ಮಸುಕಾಗುತ್ತದೆ. ಬದುಕಿ ಉಳಿದವರಲ್ಲೂ ಕೆಲವರು ಕುರುಡರಾಗುತ್ತಾರೆ. ಇಂಥ ಸಾವುಗಳನ್ನು ಸತ್ತವರ ಚಟದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಅದು ಅನ್ಯಾಯ. ದಿನಗೂಲಿಯವನು ಅಂಗಡಿ ಬಿಟ್ಟು ಕಳ್ಳ ಮಾಲಿನ ಬಳಿಗೆ ಏಕೆ ಹೋದ ಎಂದು ಕೇಳಿದರೆ, ಉತ್ತರದ ದೊಡ್ಡ ಪಾಲು ಸರ್ಕಾರದ ಹರಾಜಿನಲ್ಲೇ ಸಿಗುತ್ತದೆ.

ಸಾರಾಯಿ ಮಾರುವ ಹಕ್ಕನ್ನು ಹೆಚ್ಚು ಹಣ ಕೂಗಿದವನಿಗೆ ಗುತ್ತಿಗೆ ಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳಿದರೂ ಬೊಕ್ಕಸಕ್ಕೆ ಈ ಆದಾಯ ಬಿಡಲಾಗಲಿಲ್ಲ. ಕೂಗಿದ ಮೊತ್ತವನ್ನು ಕಟ್ಟಲೇಬೇಕಾದ ಗುತ್ತಿಗೆದಾರನಿಗೆ ಜನ ಹೆಚ್ಚು ಕುಡಿದಷ್ಟೂ ಲಾಭ. ಸುಂಕ ಕಟ್ಟದ ‘ಸೆಕೆಂಡ್ಸ್’ ಮಾಲನ್ನು ಅಧಿಕೃತ ಅಂಗಡಿಯಲ್ಲೇ ಸೇರಿಸಿ ಮಾರುವುದು ಹುಟ್ಟಿದ್ದು ಹೀಗೆ. ಸುಂಕ, ಗುತ್ತಿಗೆ ಹಣ ಎರಡೂ ಅಂಗಡಿಯ ಬೆಲೆಗೆ ಸೇರುತ್ತಿದ್ದುದರಿಂದ ಕಳ್ಳಬಟ್ಟಿಯವನು ಸದಾ ಅಗ್ಗಕ್ಕೆ ಕೊಡಬಲ್ಲವನಾಗಿದ್ದ. ಈ ವ್ಯಾಪಾರದ ಹೊರೆ ಯಾರ ಮನೆಯ ಮೇಲೆ ಬೀಳುತ್ತಿದೆ ಎಂಬುದನ್ನು 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಸ್ಪಷ್ಟವಾಗಿ ಕಂಡಿತು. ಹೆಂಡ ಬೇಡ, ವಸತಿ ಶಾಲೆ ಬೇಕು ಎಂಬ ಅದರ ಬೇಡಿಕೆ ಕುಡುಕನನ್ನು ಬೈಯಲಿಲ್ಲ, ಸರ್ಕಾರದ ಆದ್ಯತೆಯನ್ನೇ ಪ್ರಶ್ನಿಸಿತು. ಕುಡಿತದ ಬಗ್ಗೆ ನಮ್ಮ ರಾಜ್ಯದಲ್ಲಿ ಬಂದ ಮಾತುಗಳಲ್ಲಿ ಇದಕ್ಕಿಂತ ವಿವೇಕದ್ದು ನನಗೆ ಕಾಣದು.

ಹಾಗಾದರೆ ನಿಷೇಧದಿಂದ ಏನಾಯಿತು ಎಂದು ಕೇಳಬಹುದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ ಮತ್ತೆ ಮೆಥನಾಲ್ 150ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಹರಾಜಿದ್ದಾಗಲೂ 1981 ನಡೆದಿತ್ತಲ್ಲ. ಪರವಾನಗಿಯ ಅಂಗಡಿ ಬಡವನನ್ನು ವಿಷದಿಂದ ಕಾಯುತ್ತದೆ ಎನ್ನಲು ಆಧಾರವಿಲ್ಲ. ನಿಷೇಧಕ್ಕೆ ಒತ್ತಾಯಿಸಿದ ಊರೂರಿನ ಹೆಂಗಸರು ಕೇಳಿದ್ದು ಕುಡಿತವೇ ಕಡಿಮೆಯಾಗಲಿ ಎಂದು. ಸಿಕ್ಕಿದ್ದು ಅಗ್ಗದ ವಿಸ್ಕಿ. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ 90 ಮಿಲಿಲೀಟರಿನ ಟೆಟ್ರಾ ಪ್ಯಾಕ್ ಬಂತು. ಅದು ಕುರುಡು ಮಾಡುವುದಿಲ್ಲ, ನಿಜ. ಆದರೆ ದಿನಾ ಕುಡಿದವನ ಪಿತ್ತಜನಕಾಂಗವನ್ನೂ ಮನೆಯ ಅಡುಗೆ ಖರ್ಚನ್ನೂ ಅದು ಸಾರಾಯಿಯಂತೆಯೇ ತಿನ್ನುತ್ತದೆ. ಹರಾಜು ಹೋದರೂ ಪ್ರತಿ ವರ್ಷದ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ವಸೂಲಿಯ ಗುರಿ ಗೊತ್ತುಪಡಿಸುವುದು ಮಾತ್ರ ನಿಂತಿಲ್ಲ.