ದೃಢೀಕರಣ ಸಿದ್ಧತೆ: ಲೂಥರನ್ ಮೂಲ, ಕನ್ನಡ ಸಭೆಗಳು

ಶಿಶುವಾಗಿದ್ದಾಗಲೇ ದೀಕ್ಷಾಸ್ನಾನ ಪಡೆದವರು ಹರೆಯಕ್ಕೆ ಬಂದ ಮೇಲೆ ತಮ್ಮ ವಿಶ್ವಾಸವನ್ನು ಸಭೆಯ ಮುಂದೆ ತಾವೇ ಒಪ್ಪಿ ಹೇಳುವ ವಿಧಿ ದೃಢೀಕರಣ. ಅದಕ್ಕೆ ಮುನ್ನ ಸಭಾಪಾಲಕರು ನಡೆಸುವ ಪಾಠವನ್ನು ಆಡುಮಾತಿನಲ್ಲಿ ಕನ್ಫರ್ಮೇಶನ್ ಕ್ಲಾಸ್ ಎನ್ನುತ್ತಾರೆ. ಕನ್ನಡನಾಡಿನಲ್ಲಿ ಇದರ ಲೂಥರನ್ ಎಳೆ ಕರಾವಳಿಯ ಬಾಸೆಲ್ ಮಿಷನ್ನಿನದು. ಚಾಮರಾಜನಗರ, ಗುಂಡ್ಲುಪೇಟೆಗಳಿರುವ ಹಳೆ ಮೈಸೂರು ಸೀಮೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳು ಈ ಎಳೆಯೊಂದಿಗೆ ಬೆಸೆದುಕೊಂಡದ್ದು 20ನೆಯ ಶತಮಾನದಲ್ಲಿ.

ಮೊದಲು ಯುರೋಪಿನ ಹಿನ್ನೆಲೆ. ಮಾರ್ಟಿನ್ ಲೂಥರ್ ದೃಢೀಕರಣವನ್ನು ಸಂಸ್ಕಾರವೆಂದು ಒಪ್ಪಲಿಲ್ಲ. ಆದರೆ ಪಾಠಕ್ಕೆ ಆಧಾರವಾದ ಕಿರು ಪ್ರಶ್ನೋತ್ತರವನ್ನು 1529ರಲ್ಲಿ ಬರೆದ. 1539ರಲ್ಲಿ ಮಾರ್ಟಿನ್ ಬ್ಯೂಸರ್ ಹೆಸ್ಸೆ ಪ್ರಾಂತ್ಯದ ಸಭೆಗಳಿಗೆ ದೃಢೀಕರಣದ ಕ್ರಮ ಹಾಕಿಕೊಟ್ಟ. 18ನೆಯ ಶತಮಾನದಲ್ಲಿ ಭಕ್ತಿಪಂಥೀಯರ (ಪಯಟಿಸ್ಟರ) ಒತ್ತಾಸೆಯಿಂದ ಅದು ವುರ್ಟೆಂಬರ್ಗ್ ಮೊದಲಾದ ಸೀಮೆಗಳಲ್ಲಿ ನೆಲೆಯೂರಿತು. ಅಲ್ಲಿನ ಹಳ್ಳಿಗಳಲ್ಲಿ ಸುಮಾರು 14ರ ವಯಸ್ಸಿಗೆ ದೃಢೀಕರಣ ಮುಗಿಯಿತೆಂದರೆ ಶಾಲೆಯೂ ಮುಗಿದಂತೆ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮಿಷನರಿಗಳು ಮಂಗಳೂರಿಗೆ ಬಂದರು. ಇವರನ್ನು ಕಳಿಸಿದ ಬಾಸೆಲ್ ಮಿಷನ್ನನ್ನು ಕೆಲವು ಬರಹಗಳು ಲೂಥರನ್ ಎಂದೂ ಇನ್ನು ಕೆಲವು ಸುಧಾರಿತ (ರಿಫಾರ್ಮ್ಡ್) ಪಂಥದ್ದೆಂದೂ ಬರೆಯುತ್ತವೆ. ಎರಡೂ ಅರ್ಧ ಸತ್ಯ. 1815ರಲ್ಲಿ ಸಂಸ್ಥೆ ಹುಟ್ಟಿದ ಬಾಸೆಲ್ ನಗರ ಸುಧಾರಿತ ಪಂಥದ್ದು. ಜನ ಬಹುಪಾಲು ಬಂದದ್ದು ಲೂಥರನ್ ವುರ್ಟೆಂಬರ್ಗಿನಿಂದ. ಮಿಷನರಿ ಹರ್ಮನ್ ಮೊಗ್ಲಿಂಗ್ ಅಲ್ಲಿಯವನೇ. ಆ ವುರ್ಟೆಂಬರ್ಗಿನಲ್ಲೂ ಲೂಥರನ ಪುಸ್ತಕವೊಂದೇ ನಡೆಯುತ್ತಿರಲಿಲ್ಲ. ಯೋಹಾನ್ನೆಸ್ ಬ್ರೆನ್ಜ್ 1535ರಲ್ಲಿ ಬರೆದ ಪ್ರಶ್ನೋತ್ತರವೂ ಬಳಕೆಯಲ್ಲಿತ್ತು. ಲೂಥರ್ ಹತ್ತು ಆಜ್ಞೆಗಳಿಂದ ಪಾಠ ತೆಗೆದರೆ ಬ್ರೆನ್ಜ್ ದೀಕ್ಷಾಸ್ನಾನದಿಂದ ತೆಗೆಯುತ್ತಾನೆ: ನೀನು ಯಾರು, ನಿನ್ನ ಗುರುತೇನು ಎಂಬುದು ಮೊದಲು, ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆಮೇಲೆ. ಶಿಶುದೀಕ್ಷೆಯನ್ನು ಮುಂದುವರಿಸುವ ಪಾಠಕ್ಕೆ ಬ್ರೆನ್ಜನ ಕ್ರಮವೇ ಹೆಚ್ಚು ಒಪ್ಪುತ್ತದೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಮಿಷನ್ ದಾಖಲೆಗಳಲ್ಲಿ ‘ಸಿದ್ಧತೆ’ಯ ಪ್ರಸ್ತಾಪ ಬಂದಲ್ಲೆಲ್ಲ ಅದನ್ನು ದೃಢೀಕರಣದ ಪಾಠವೆಂದು ಓದುವವರಿದ್ದಾರೆ. ಮೊದಲ ತಲೆಮಾರಿನವರು ದೊಡ್ಡವರಾದ ಮೇಲೆ ಸಭೆ ಸೇರಿದವರು. ಅವರು ಕಲಿತದ್ದು ದೀಕ್ಷಾಸ್ನಾನಕ್ಕಾಗಿ. ಅವರಿಗೆ ಹುಟ್ಟಿ, ತೊಟ್ಟಿಲಲ್ಲೇ ದೀಕ್ಷೆ ಪಡೆದ ಮಕ್ಕಳು ಬೆಳೆದಾಗಲೇ ದೃಢೀಕರಣಕ್ಕೆ ನಿಜವಾದ ಕೆಲಸ ಹುಟ್ಟಿದ್ದು. ಬಾಸೆಲ್ ವಾರ್ಷಿಕ ವರದಿಗಳ ಲೆಕ್ಕದಲ್ಲೂ ಕರ್ತನ ಭೋಜನದಲ್ಲಿ ಪಾಲುಗೊಳ್ಳುವವರು, ದೀಕ್ಷೆಗೆ ಕಾದಿರುವವರು, ಮಕ್ಕಳು ಎಂದು ಬೇರೆ ಬೇರೆ ಸಾಲುಗಳಿವೆ. ದೃಢೀಕರಣದ ಮೂಲಕ ಮಕ್ಕಳು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ದಾಟುತ್ತಿದ್ದರು.

ಪಾಠವೆಂದರೆ ಬಾಯಿಪಾಠ: ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಆಜ್ಞೆಗಳು, ಎರಡು ಸಂಸ್ಕಾರಗಳ ವಿವರಣೆ. ಕೊನೆಯಲ್ಲಿ ತುಂಬಿದ ಸಭೆಯೆದುರು ಪ್ರಶ್ನೆಗೆ ಉತ್ತರ ಹೇಳಬೇಕು. ದಕ್ಷಿಣ ಕನ್ನಡದಲ್ಲಿ ಅನೇಕ ಮಕ್ಕಳ ಮನೆಮಾತು ತುಳು, ದೇವಾಲಯದ ಆರಾಧನೆ ಮುಖ್ಯವಾಗಿ ಕನ್ನಡದಲ್ಲಿ. ಗ್ರೈನರನ ತುಳು ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾಗಿತ್ತಾದರೂ ಸಭೆಯ ಭಾಷೆಯಾಗಿ ಕನ್ನಡವೇ ಮೇಲಾಯಿತು.

ಮೈಸೂರು ಸಂಸ್ಥಾನದ ಕಥೆ ಬೇರೆ. 1821ರಲ್ಲಿ ಬೆಂಗಳೂರಿನಿಂದ ಕೆಲಸ ಆರಂಭಿಸಿದ ವೆಸ್ಲಿಯನ್ (ಮೆಥಡಿಸ್ಟ್) ಮಿಷನರಿಗಳಲ್ಲಿ ಲೂಥರನ್ ಮಾದರಿಯ ದೃಢೀಕರಣವಿರಲಿಲ್ಲ. ಪರೀಕ್ಷಾವಧಿ ಮುಗಿಸಿದವರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುತ್ತಿದ್ದರು. ಈಗ ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲವಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಇಡೀ ಜಿಲ್ಲೆಗೆ ಒಂದೇ ಸಭಾ ಇತಿಹಾಸ ಹೊಂದಿಸಲಾಗದು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಸ್ಥಾಪನೆಯಾದಾಗ ವೆಸ್ಲಿಯನ್ನರು ಒಳಬಂದರು. ತಮಿಳು, ತೆಲುಗು ನಾಡಿನ ಲೂಥರನ್ ಸಭೆಗಳು ಹೊರಗುಳಿದವು. ಬಿಷಪ್ ಕೈಯಿಟ್ಟು ದೃಢೀಕರಿಸುವ ಆಂಗ್ಲಿಕನ್ ಪದ್ಧತಿಗೂ ಸಭಾಪಾಲಕರೇ ಸೇರಿಸಿಕೊಳ್ಳುವ ಪದ್ಧತಿಗೂ ಐಕ್ಯಸಭೆಯಲ್ಲಿ ಜಾಗ ಸಿಕ್ಕಿತು. ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಸೇರಿದ್ದು 1968ರಲ್ಲಿ. 1970ರಲ್ಲಿ ಸಿ.ಎಸ್.ಐ.ನ ಮೈಸೂರು ಧರ್ಮಪ್ರಾಂತ್ಯ ಮೂರಾಗಿ ಒಡೆದಾಗ ಮೈಸೂರು ಕಡೆಯ ಸಭೆಗಳು ಮಂಗಳೂರು ಕೇಂದ್ರವಾದ ಕರ್ನಾಟಕ ದಕ್ಷಿಣ ಪ್ರಾಂತ್ಯಕ್ಕೆ ಬಂದವು. ನಮ್ಮ ದೃಷ್ಟಿಯಲ್ಲಿ ಈ ಭಾಗಕ್ಕೆ 1947ಕ್ಕಿಂತ ಇದೇ ದೊಡ್ಡ ತಿರುವು: ಈ ಪ್ರಾಂತ್ಯದಲ್ಲಿ ವೆಸ್ಲಿಯನ್ ಹಿನ್ನೆಲೆಯ ಸಭೆಗಳಿಗೂ ಕರಾವಳಿಯ ಬಾಸೆಲ್ ಹಿನ್ನೆಲೆಯ ಸಭೆಗಳಿಗೂ ಕೇಂದ್ರ ಮಂಗಳೂರೇ ಆಯಿತು.

ಚಾಮರಾಜನಗರ ಜಿಲ್ಲೆಯಲ್ಲಿ ಮೈಸೂರಿನ ಕಥೋಲಿಕ ಧರ್ಮಪ್ರಾಂತ್ಯಕ್ಕೆ ಸೇರಿದವರೂ ಇದ್ದಾರೆ. ಅವರಲ್ಲಿ ಸಾಮಾನ್ಯವಾಗಿ ಮಕ್ಕಳು ಮೊದಲು ಪರಮಪ್ರಸಾದ ಸ್ವೀಕರಿಸಿ, ಕೆಲವು ವರ್ಷಗಳ ನಂತರ ದೃಢೀಕರಣದ ತೈಲ ಹಚ್ಚಿಸಿಕೊಳ್ಳುತ್ತಾರೆ. ಸಿ.ಎಸ್.ಐ. ವಾಡಿಕೆಯಲ್ಲಿ ದೃಢೀಕರಣ ಮೊದಲು, ಕರ್ತನ ಭೋಜನ ಅನಂತರ.