‘ಗೊಂಡ’ ಎಂದರೆ ಗೆದ್ದನೇ, ಇಟ್ಟುಕೊಂಡನೇ?

ಕೆಲವು ವರ್ಷದ ಹಿಂದೆ ಒಂದು ಭೂಪಟ ಮಾಡಿದ್ದೆ. ಎಂಜಿನಿಯರ್ ಬುದ್ಧಿ, ನಿಯಮ ಸರಳ: ಶಾಸನದಲ್ಲಿ ಯಾವ ರಾಜ ಯಾವ ಊರು ‘ಗೆದ್ದ’ ಅಂತಿದೆಯೋ, ಆ ಊರಿಗೆ ಆ ರಾಜನ ಬಣ್ಣ. ಇಮ್ಮಡಿ ವಿಕ್ರಮಾದಿತ್ಯನ ಕಾಲಕ್ಕೆ ಕಂಚಿಗೂ ಚಾಲುಕ್ಯರ ಬಣ್ಣ ಬಿತ್ತು. ಗೆಳೆಯರಿಗೆ ತೋರಿಸುತ್ತಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: “ಅಲ್ಲಪ್ಪಾ, ಗೆದ್ದು ಇಟ್ಕೊಂಡಿದ್ರೆ ಮೂರು ಸಲ ಯಾಕೆ ಗೆಲ್ಬೇಕಿತ್ತು?” ನನ್ನ ಹತ್ತಿರ ಉತ್ತರವಿರಲಿಲ್ಲ.

ಅವರ ಮಾತಿಗೆ ಆಧಾರ ಪಟ್ಟದಕಲ್ಲಿನಲ್ಲೇ ಇದೆ. ಇಂದಿನ ವಿರೂಪಾಕ್ಷ ಗುಡಿ, ಅಂದಿನ ಲೋಕೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿನ ಶಾಸನ ಆಕೆಯ ಗಂಡನನ್ನು ಕಂಚಿಯನ್ನು ‘ಮೂಮೆ ಪರಾಜಿಸಿದ’ವನು ಎನ್ನುತ್ತದೆ. ಮೂಮೆ ಅಂದರೆ ಮೂರು ಸಲ. ಪರಾಜಿಸಿದ, ಅಂದರೆ ಸೋಲಿಸಿದ. ಆಳಿದ ಎಂಬ ಮಾತು ಅದರಲ್ಲಿಲ್ಲ. ಕಂಚಿಯ ಕೈಲಾಸನಾಥ ಗುಡಿಯ ಕಂಬದ ಮೇಲಿರುವ ಇದೇ ರಾಜನ ಕನ್ನಡ ಶಾಸನ ಇನ್ನೂ ಸ್ವಾರಸ್ಯದ್ದು: ಗೆದ್ದ ಮೇಲೆ ರಾಜಸಿಂಹೇಶ್ವರನ ಸಂಪತ್ತನ್ನು ನೋಡಿ, ಮುಟ್ಟದೆ, ದೇವರಿಗೇ ಮರಳಿ ಬಿಟ್ಟನಂತೆ. ಶತ್ರುವಿನ ರಾಜಧಾನಿಯಲ್ಲಿ, ಶತ್ರುವಿನ ಗುಡಿಯಲ್ಲಿ, ತನ್ನ ಭಾಷೆಯಲ್ಲಿ ಹಾಗೆ ಬರೆಸಿ ಹೊರಟುಹೋದ! ಪಲ್ಲವರ ಇಮ್ಮಡಿ ನಂದಿವರ್ಮ ಆಮೇಲೂ ದಶಕಗಟ್ಟಲೆ ಆಳಿದ. ನನ್ನ ಬಣ್ಣ ಸುಳ್ಳಾಗಿತ್ತು.

ಆಮೇಲೆ ‘ಕೊಳ್’ ಧಾತುವಿನ ಬೆನ್ನು ಹತ್ತಿದೆ. ನಾವು ಇವತ್ತು ‘ಸೈಟು ಕೊಂಡೆ’ ಅನ್ನುವುದು ಇದರಿಂದಲೇ. ವೀರಗಲ್ಲುಗಳ ತುರುಗೊಳ್ ಕೂಡ ಇದೇ. ದನ ಹೊಡೆದುಕೊಂಡು ಹೋಗುವುದು. ಊರನ್ನಾಗಲಿ ಹಸುವನ್ನಾಗಲಿ ಕೈಗೆ ತೆಗೆದುಕೊಂಡದ್ದಷ್ಟೇ ಈ ಪದದ ಕಾಳಜಿ. ಎಷ್ಟು ದಿನ ಕೈಲಿತ್ತು ಅನ್ನುವುದನ್ನು ಅದು ಹೇಳುವುದಿಲ್ಲ. ತಮಿಳಿನಲ್ಲೂ ಅದೇ ಕತೆ. 642ರ ಸುಮಾರಿಗೆ ಬಾದಾಮಿ ಹಿಡಿದ ನರಸಿಂಹವರ್ಮ ‘ವಾತಾಪಿಕೊಂಡ’ನಾದ. ಒಂದನೆಯ ವಿಕ್ರಮಾದಿತ್ಯ ಹತ್ತು-ಹದಿನೈದು ವರ್ಷದಲ್ಲೇ ಊರನ್ನು ವಾಪಸ್ ಪಡೆದ, ಬಿರುದು ಮಾತ್ರ ಉಳಿಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಮಿಳು ಶಾಸನಗಳಲ್ಲಿ ಕಂಚಿಯನ್ನೂ ತಂಜೆಯನ್ನೂ ‘ಕೊಂಡ’ ಕನ್ನರದೇವ.

ಹಾಗಂತ ಗೊಂಡ ಎಂದರೆ ಬರೀ ಬಡಾಯಿ ಅಂತಲೂ ಅಲ್ಲ. ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡು ಕಿತ್ತುಕೊಂಡ. ಅಲ್ಲಿ ಕೀರ್ತಿನಾರಾಯಣನ ಗುಡಿ ಎದ್ದಿತು, ‘ಶ್ರೀ ತಳಕಾಡುಗೊಂಡ’ ಎಂದು ಚಿನ್ನದ ನಾಣ್ಯವೂ ಬಂತು. ಗಂಗವಾಡಿ ಹೊಯ್ಸಳರ ಬಳಿಯೇ ಉಳಿಯಿತು. ಆದರೆ ಅದೇ ಬಿರುದಿನ ಸಾಲಿನಲ್ಲಿ ಹಾನುಂಗಲ್ಲೂ ಇದೆ. ಅದೇ ಹಾನಗಲ್ಲಿಗೆ 1196ರಲ್ಲಿ ಅವನ ಮೊಮ್ಮಗ ಇಮ್ಮಡಿ ಬಲ್ಲಾಳ ಮತ್ತೆ ಮುತ್ತಿಗೆ ಹಾಕಬೇಕಾಯಿತು. ಒಂದೇ ಪದ, ಒಂದೇ ಸಾಲು, ಎರಡು ಬೇರೆ ಸಂಗತಿ! ಈ ಪಟ್ಟಿಗಳನ್ನು ಆಸ್ತಿಯ ದಾಖಲೆ ಥರ ಓದಿದ್ದು ನನ್ನ ತಪ್ಪು.

ಈಗ ನನ್ನ ನಿಯಮ ಬೇರೆ. ಗೆದ್ದವನ ಮಾತನ್ನೊಂದೇ ನಂಬಿ ಬಣ್ಣ ಬಳಿಯಲ್ಲ. ಆ ಊರಲ್ಲಿ ಅವನ ಅಧಿಕಾರಿ ತೆರಿಗೆ ಬಿಟ್ಟ ಶಾಸನವೋ, ಅವನ ಹೆಸರಲ್ಲಿ ಕೊಟ್ಟ ದತ್ತಿಯೋ ಬೇಕು, ಅದೂ ಕೆಲವು ವರ್ಷ ಸತತವಾಗಿ. ಭೂಪಟದಲ್ಲಿ ಕಂಚಿಗೆ ಮೂರು ಚುಕ್ಕಿ ಇಟ್ಟಿದ್ದೇನೆ, ಬಣ್ಣ ಪಲ್ಲವರದ್ದೇ. ತಲಕಾಡಿಗೆ ಹೊಯ್ಸಳರ ಬಣ್ಣ ಪೂರ್ತಿ ತುಂಬಿದೆ. ಹಾನಗಲ್ಲನ್ನು ಮಾತ್ರ ಗೆರೆ ಹಾಕಿ ಬಿಟ್ಟಿದ್ದೇನೆ. ಮೇಷ್ಟ್ರು ಇನ್ನೊಮ್ಮೆ ಬಂದಾಗ ಕೇಳಬೇಕು.